ಹೆಸರು ಎಂತ ಬರೆಯಲಿ

ತಿದ್ದುಪಡಿಗೆ ಫಾರಂ ಎಂಟು.
ಅಂಗನವಾಡಿಯ ಗಂಜಿ, ಹೆಸರುಕಾಳಿನ ಲೆಕ್ಕ ಮುಗಿಸಿ
ಮೂರು ಗಂಟೆಗೆ ಹೊರಡುತ್ತೇನೆ: ಕೊಡೆ, ಚೀಲ, ಎರಡು ಪೆನ್ನು.
ಶಿರಿಯ ಹೊಳೆಯ ಈಚೆ ನನ್ನ ಪಾಲಿಗೆ
ಸಾವಿರದ ನೂರ ಹನ್ನೆರಡು ಮತದಾರರು,
ಇಪ್ಪತ್ತೇಳು ನಾಯಿಗಳು.

ಪಟ್ಟಿ ಮಲಯಾಳದಿಂದ ಕನ್ನಡಕ್ಕೆ ಬರುವಾಗ
ದಾರಿಯಲ್ಲಿ ಏನೋ ಆಗುತ್ತದೆ.
ಹತ್ತುವಾಗ ಹೊನ್ನಮ್ಮ,
ಇಳಿಯುವಾಗ ಪೊನ್ನಮ್ಮ.
"ಇರಲಿ ಟೀಚರೇ, ಬಂಗಾರ ಬಂಗಾರವೇ ಅಲ್ಲವಾ"
ಎನ್ನುತ್ತಾಳೆ ಬೀಡಿಯ ಬಾಯಿ ಮಡಚುತ್ತ.
ಇರಬಾರದು ಎನ್ನುತ್ತೇನೆ.
ನಮ್ಮ ಮನೆಯ ಹೆಂಗಸರ ಹಳೆಯ ಹಟ ಇದು.

ಐವತ್ತೊಂದರಲ್ಲಿ
ನನ್ನ ಅಜ್ಜಿಯ ಅಕ್ಕ ದುಗ್ಗಮ್ಮ ಟೀಚರು,
ಹೆರಿಗೆ ಮಾಡಿಸುವ ಕಾರ್ಮಿನ್ ಬಾಯಿ,
ದೋಣಿಯ ಮಮ್ಮುಂಞಿಯ ಮಗಳು ಬೀಪಾತು
ಇದೇ ಮುರಕಲ್ಲಿನ ದಾರಿ ಸವೆಸಿದರು.
ಗುಮಾಸ್ತ ಆಗಲೇ ಬಂದುಹೋಗಿದ್ದ,
ಅಂಗಳದಲ್ಲೇ ನಿಂತು ಬರೆದುಕೊಂಡಿದ್ದ:
ಬಾಬು ಮೇಸ್ತ್ರಿಯ ಹೆಂಡತಿ.
ಸುಬ್ಬನ ತಾಯಿ.
ಅದೇ ಸುಬ್ಬನ ತಾಯಿಯ ಸೊಸೆ.
ಆಮೇಲೆ ಮೇಲಿನಿಂದ ಕಾಗದ:
ಹೆಸರಿಲ್ಲದವರನ್ನು ಹೊಡೆದುಹಾಕಿ.

"ನಿನ್ನ ಹೆಸರೆಂತ?"
ಬಾಗಿಲ ಹಿಂದಿನಿಂದ ಬಳೆಯ ಸದ್ದು.
"ಅವರು ಬರಲಿ, ಕೇಳಿ ಹೇಳುತ್ತೇನೆ."
"ಗಂಡನದ್ದಲ್ಲ ಮಾರಾಯ್ತಿ, ನಿನ್ನದು."
"ಅದನ್ನೇ. ಅವರಿಗೆ ನೆನಪುಂಟೋ ಏನೋ."

ಕಾರ್ಮಿನ್ ಬಾಯಿ ಮಾತ್ರ ಕೇಳಲೇ ಇಲ್ಲ,
ತಾನೇ ಹೇಳಿ ಬರೆಸಿದಳು, ಮನೆ ಮನೆಯದ್ದು.
ನೋವು ತಿನ್ನುವವಳನ್ನು
ಇಂಥವರ ಹೆಂಡತಿ ಎಂದು ಕರೆದರೆ
ಓಗೊಡುವುದಿಲ್ಲ.

ಗಂಡನ ಹೆಸರಿನ ಗೆರೆ ಇನ್ನೊಂದು ಒಗಟು.
ಒಬ್ಬಳು ಒಲೆಯ ಕೆಂಡ ತೋರಿಸಿದಳು. ಅಂಗಾರ.
ಒಬ್ಬಳು, "ಗುರುವಾರದ ಮಾರನೇ ದಿನ." ತುಕ್ರ.
ಒಬ್ಬಳು ನಕ್ಕು ನಕ್ಕು ಕಡೆಗೂ ಹೇಳದೆ
ಒಳಗೆ ಓಡಿದಳು. ಆ ಗೆರೆ ಈಗಲೂ ಖಾಲಿ.

ಗುತ್ತಿನ ಗದ್ದೆಯ ಆಚೆ, ಗುಡಿಸಲ ಸಾಲಿನಲ್ಲಿ
ಹುಟ್ಟಿದ ವಾರವೇ ಹೆಸರು,
ಧಣಿಯ ಬಾಯಿಗೆ ಸುಲಭ.
ನಾಲ್ವರು ಐತೆಯರನ್ನು ಬರೆದಾಯಿತು.
ಐದನೆಯವಳು ಸೊಪ್ಪಿನ ಹೊರೆ ಇಳಿಸಿ ಕೇಳಿದಳು,
"ಬರೆದರೆ ಮತ್ತೆ ಅಳಿಸುತ್ತಾರಾ?"
"ಇಲ್ಲ."
"ಹಾಗಾದರೆ ಐತವಾರ ಅವರದ್ದೇ ಇರಲಿ.
ನನಗೆ ಬೇರೆ ಬರೆಯಿರಿ."
"ಎಂತ ಬರೆಯಲಿ?"
ಅವಳು ಸುತ್ತ ನೋಡಿದಳು. ಹೊಳೆ. ಕೊಕ್ಕರೆ.
ಚಾಪೆಯ ಮೇಲೆ ಒಣಗುವ ಬೂತಾಯಿ.
ಬೀಪಾತುವಿನ ತಲೆವಸ್ತ್ರ.
"ಪಚ್ಚೆ," ಎಂದಳು,
ಸಂತೆಯಲ್ಲಿ ಬಟ್ಟೆ ಆರಿಸಿದ ಹಾಗೆ.

ಎಂಬತ್ತಮೂರು ಹೆಸರು ಕಳಿಸಿದ್ದರು.
ಅಚ್ಚಾಗಿ ಬಂದದ್ದು ನಲವತ್ತು.
ಉಳಿದವರಿಗೆ ಯಾರೂ ಏನೂ ಹೇಳಲಿಲ್ಲ,
ದುಗ್ಗಮ್ಮ ಟೀಚರು ಮನೆ ಮನೆ ಹತ್ತಿ
ತಾನೇ ಹೇಳಿ ಬಂದರು. ಅದಕ್ಕೆ ಎರಡು ದಿನ ಹಿಡಿಯಿತು.
ಬೀಪಾತುವಿಗೆ ಆಗ ಹತ್ತೊಂಬತ್ತು,
ಇಪ್ಪತ್ತೊಂದಾಗದೆ ಓಟಿಲ್ಲ.
ಓಟಿನ ದಿನ ಅಪ್ಪನ ಹುಟ್ಟು ಹಿಡಿದು
ಹನ್ನೊಂದು ಸಲ ಹೊಳೆ ದಾಟಿಸಿದಳು.
ಹೆಂಗಸರಿಗೆ ಕಾಸಿಲ್ಲ, ಗಂಡಸರಿಗೆ ಮುಕ್ಕಾಲು ಹೆಚ್ಚು.

ಶಾಲೆಯ ಜಗಲಿಯಲ್ಲಿ ಗುತ್ತಿನ ಶಾನುಭಾಗ:
"ಐತೇ, ನಿನಗೆಂತ ಕೆಲಸ ಇಲ್ಲಿ?"
ಅವಳು ತಿರುಗಲಿಲ್ಲ.
"ಏ ಐತೇ!"
ತಿರುಗಲಿಲ್ಲ.
ಒಳಗಿನಿಂದ ಆಫೀಸರು ಪಟ್ಟಿ ನೋಡಿ ಕೂಗಿದರು,
ಪಚ್ಚೆ.
ಮಕ್ಕಳು ಹಾಜರಿ ಹೇಳುವುದನ್ನು
ಬೇಲಿಯಾಚೆಯಿಂದ ಎಷ್ಟು ವರ್ಷ ಕೇಳಿದ್ದಳೋ,
ಅದೇ ರಾಗದಲ್ಲಿ,
"ಇದ್ದೇನೆ."

ಆ ಪುಸ್ತಕ ನನ್ನ ಹತ್ತಿರ ಉಂಟು.
ಇರುವೆ ಮದ್ದು ಹಾಕಿಟ್ಟರೂ ಅಂಚು ಹುಳಕ್ಕೆ ಹೋಗಿದೆ.
ಜಿಲ್ಲೆ ಬದಲಾಯಿತು, ರಾಜ್ಯ, ಲಿಪಿ;
ಎಲ್ಲ ಹೆಸರು ಒಂದಲ್ಲ ಒಂದು ಸಲ ಕೆಟ್ಟಿತು.
ಪಚ್ಚೆ ಒಂದು ಕೆಡಲಿಲ್ಲ.
ತುಳುವಿನಲ್ಲಿ, ಬ್ಯಾರಿಯಲ್ಲಿ, ಮಲಯಾಳದಲ್ಲಿ
ಹೆಚ್ಚು ಕಡಿಮೆ ಅದು ಅದೇ.

ಹೊನ್ನಮ್ಮ ತಂಬಾಕಿನ ಕೈ ಸೆರಗಿಗೆ ಒರೆಸಿ
ಫಾರಂ ಎಂಟಕ್ಕೆ ಸಹಿ ಹಾಕುತ್ತಾಳೆ, ನಿಧಾನಕ್ಕೆ.
"ನಾನು ಬರೆದದ್ದು ಹ ಹಾಗೆ ಕಾಣ್ತದಾ ಟೀಚರೇ?"
ಕಾಣುತ್ತದೆ.
ಇನ್ನು ಆರು ಮನೆ ಬಾಕಿ.
ನಾಯಿ ಇರುವಲ್ಲಿ ಮೊದಲು ಹೋಗಬೇಕು, ಬೆಳಕಿರುವಾಗಲೇ.